ಹಳದಿ ಹಗ್ಗದ ಚೀಲ

ನಮ್ಮ ಬಾಲ್ಕನಿಯಲ್ಲಿ, ತುಳಸಿ ಕುಂಡಕ್ಕೂ ವಾಷಿಂಗ್ ಮಷಿನ್ನಿಗೂ ನಡುವೆ, ಮಗಳ ಕಯಾಕ್ ಮೂತಿ ಮೇಲೆ ಮಾಡಿಕೊಂಡು ಗೋಡೆಗೆ ಒರಗಿರುತ್ತದೆ. ಕೆಂಪು ಬಣ್ಣದ ದಪ್ಪ ಪ್ಲಾಸ್ಟಿಕ್ಕಿನ ಪುಟ್ಟ ದೋಣಿ. ನಡುವೆ ಒಬ್ಬರು ಸೊಂಟದವರೆಗೆ ಇಳಿದು ಕೂರುವಷ್ಟು ಬಾಯಿ. ತಳದ ತುಂಬ ಬಂಡೆಗಳು ಗೀಚಿದ ಬಿಳಿ ಗೆರೆಗಳು. ಅದು ಮನೆಗೆ ಬಂದ ದಿನ ನಮ್ಮ ಯಜಮಾನರು ಕೈ ಹಿಂದೆ ಕಟ್ಟಿಕೊಂಡು ಅದರ ಸುತ್ತ ಒಂದು ಸುತ್ತು ಹಾಕಿ, "ಇದೇನವಾ, ಎಮ್ಮಿಗೆ ಮುಸುರಿ ಹಾಕೋ ಬಾನಿ ತಂದಿ?" ಎಂದಿದ್ದರು.

"ಎಮ್ಮಿ ನೀವ ತರ್ರಿ ಪಪ್ಪಾ, ಬಾನಿ ನಂದು" ಎಂದಿದ್ದಳು ಮಗಳು. ಅಂದಿನಿಂದ ಮನೆಯಲ್ಲಿ ಅದರ ಹೆಸರು ಬಾನಿ.

ಹೈದರಾಬಾದಿನ ನಾಚಾರಂನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಬಾನಿ ಹಿಡಿಸುವುದಿಲ್ಲ. ಮೂರು ಮಹಡಿ ಮೆಟ್ಟಿಲಲ್ಲೇ ಹೊತ್ತು ಇಳಿಸಬೇಕು. ಮುಂದಿನ ತುದಿಗೆ ಮಗಳು, ಹಿಂದಿನ ತುದಿಗೆ ಅವಳ ಗೆಳತಿ. ಗೆಳತಿ ವರಂಗಲ್ ಕಡೆಯ ತೆಲುಗು ಹುಡುಗಿ. ಕೊಂಡಾಪುರದಲ್ಲಿ ಇಬ್ಬರಿಗೂ ಒಂದೇ ಆಫೀಸು. ಅವಳು ಅಲ್ಲೇ ಹಾಸ್ಟೆಲಿನಲ್ಲಿದ್ದಳು, ಭಾನುವಾರದ ಊಟ ಮಾತ್ರ ನಮ್ಮಲ್ಲಿ. ನಾನು ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ನೇರ ಅಡುಗೆಮನೆಗೆ ಬಂದು ಕಟ್ಟೆಯ ಮೇಲೆ ಹತ್ತಿ ಕೂರುತ್ತಿದ್ದಳು. ಯಜಮಾನರು ಕಲಿಸಿಕೊಟ್ಟ ಒಂದೇ ಒಂದು ಕನ್ನಡ ವಾಕ್ಯ ಅವಳಿಗೆ ಬರುತ್ತಿತ್ತು: "ರೊಟ್ಟಿ ಭಾಳ ಛಲೋ ಆಗ್ಯಾವ್ರಿ." ಉಳಿದದ್ದೆಲ್ಲ ತೆಲುಗು, ಹಿಂದಿ. ಮೂರನೇ ರೊಟ್ಟಿಗೆ "ಚಾಲು ಆಂಟೀ, ಚಾಲು" ಎಂದು, ತೆಲುಗಿನಲ್ಲಿ ಸಾಕು ಸಾಕು ಎನ್ನುತ್ತ, ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ನಾಲ್ಕನೆಯದು ಬಿದ್ದರೆ ಅದನ್ನೂ ಬಿಡುತ್ತಿರಲಿಲ್ಲ.

ಇಬ್ಬರೂ ಮೊದಲು ಕೆರೆಯಲ್ಲಿ ಕಲಿತರು, ಆಮೇಲೆ ಹೊಳೆ. ಮಗುಚಿದ ಕಯಾಕನ್ನು ಒಳಗೆ ಕೂತ ಹಾಗೆಯೇ, ತಲೆ ನೀರೊಳಗಿರುವಾಗಲೇ, ಸೊಂಟ ತಿರುಗಿಸಿ ಮೇಲೆತ್ತುವ ವಿದ್ಯೆಯನ್ನು ಒಂದು ಚಳಿಗಾಲವಿಡೀ ಈಜುಕೊಳದಲ್ಲಿ ಅಭ್ಯಾಸ ಮಾಡಿದರು. ನಾನು ಕೊಳದ ಅಂಚಿನಲ್ಲಿ ಟವೆಲ್ ಮಡಚಿಕೊಂಡು ಕೂರುತ್ತಿದ್ದೆ. ಮಗಳ ತಲೆ ನೀರಿನಿಂದ ಹೊರಬರುವವರೆಗೆ ನನ್ನ ಉಸಿರೂ ನಿಂತಿರುತ್ತಿತ್ತು. ಆಮೇಲೆ ಅದೂ ರೂಢಿಯಾಯಿತು.

ಹೊಳೆಗೆ ಹೋಗುವಾಗ ಮಗಳ ಹತ್ತಿರ ಒಂದು ಹಗ್ಗದ ಚೀಲ ಇರುತ್ತಿತ್ತು. ಮೊಳದುದ್ದದ ಚೀಲ; ಒಳಗೆ ಇಪ್ಪತ್ತು ಮೀಟರ್ ಹಳದಿ ಹಗ್ಗ, ನೀರಿನಲ್ಲಿ ತೇಲುವಂಥದ್ದು. ಹಗ್ಗದ ಒಂದು ತುದಿ ಚೀಲದ ತಳಕ್ಕೇ ಗಂಟು ಹಾಕಿರುತ್ತದೆ, ಇನ್ನೊಂದು ತುದಿ ಬಾಯಿಂದ ಹೊರಗೆ. ಯಾರಾದರೂ ದೋಣಿಯಿಂದ ಹೊರಬಿದ್ದು ನೀರಿನಲ್ಲಿ ಹೋಗುತ್ತಿದ್ದರೆ, ದಡದಲ್ಲಿ ನಿಂತವರು ಆ ಹೊರಗಿನ ತುದಿ ಹಿಡಿದುಕೊಂಡು ಚೀಲವನ್ನು ಅವರತ್ತ ಎಸೆಯಬೇಕು. ಚೀಲ ಹಾರಿದಂತೆ ಹಗ್ಗ ಒಳಗಿನಿಂದ ಬಿಚ್ಚುತ್ತ ಹೋಗುತ್ತದೆ. ನೀರಲ್ಲಿರುವವರು ಅದನ್ನು ಹಿಡಿದರೆ ಎಳೆದು ದಡಕ್ಕೆ ತರಬಹುದು. ಅವರ ಗುಂಪಿನಲ್ಲಿ ಈ ಕೆಲಸ ಯಾವಾಗಲೂ ನನ್ನ ಮಗಳದು. ಅವಳು ಎಸೆದರೆ ಗುರಿ ತಪ್ಪುವುದಿಲ್ಲ ಎಂದು ಗೆಳತಿ ಎಲ್ಲರಿಗೂ ಹೇಳುತ್ತಿದ್ದಳು. ಮಗಳಿಗೆ ಅದರ ಜಂಬವಿತ್ತು. ನನಗೂ ಸ್ವಲ್ಪ ಇತ್ತು.

ಹಗ್ಗದ ಉಪಯೋಗ ನನಗೆ ಗೊತ್ತಿತ್ತು. ಅದನ್ನು ಚೀಲಕ್ಕೆ ತುಂಬುವ ರೀತಿ ಗೊತ್ತಿರಲಿಲ್ಲ.

ಆ ಸಲ ಹೊರಡುವ ಎರಡು ದಿನ ಮೊದಲು ಬಾಲ್ಕನಿಯಲ್ಲಿ ವಾಸನೆ ಬಂತು. ಹಿಂದಿನ ಹೊಳೆಯ ಕೆಸರಿನ ವಾಸನೆ. ಹುಡುಕಿದರೆ ಈ ಚೀಲ. ಬಾಯಿ ಬಿಚ್ಚಿ ನೋಡಿದೆ. ಹಗ್ಗ ಹೇಗೆ ಬೇಕೋ ಹಾಗೆ ತುರುಕಿಕೊಂಡು ಬಿದ್ದಿತ್ತು, ಥೇಟ್ ಮಗಳ ಕಪಾಟಿನಂತೆ. ಪೂರ್ತಿ ಎಳೆದು, ಬಕೆಟ್ಟಿನಲ್ಲಿ ಸೋಪಿನ ಪುಡಿ ಹಾಕಿ ನೆನೆಸಿದೆ. ಮೂರು ನೀರು ಕೆಸರು ಬಂತು. ಬಟ್ಟೆ ಹಗ್ಗದ ಮೇಲೆ ಆ ಹಗ್ಗವನ್ನು ಹರವಿ ಒಣಗಿಸಿದೆ. ಸಂಜೆಯ ಹೊತ್ತಿಗೆ ಅದು ಹೊಸದರಂತೆ, ನಿಂಬೆಹಣ್ಣಿನ ಸಿಪ್ಪೆಯ ಬಣ್ಣಕ್ಕೆ ಬಂದಿತ್ತು.

ನಾನು ಓದಿದ್ದು ಹುಬ್ಬಳ್ಳಿಯ ಒಂದು ಕಾನ್ವೆಂಟಿನಲ್ಲಿ. ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಶುಕ್ರವಾರ ಶುಕ್ರವಾರ ನಮ್ಮ ದಾರದ ಡಬ್ಬಿ ತೆಗೆಸಿ ನೋಡುತ್ತಿದ್ದರು. ಗೋಜಲು ದಾರ ಸಿಕ್ಕರೆ ಆ ಹುಡುಗಿ ವರಾಂಡದಲ್ಲಿ ನಿಲ್ಲಬೇಕು. ಉಣ್ಣೆಯನ್ನು ಹೆಬ್ಬೆರಳಿಗೂ ಮೊಣಕೈಗೂ ನಡುವೆ ಸುತ್ತಿ, ಕೈಯಿಂದ ಜಾರಿಸಿ ತೆಗೆದು, ಕೊನೆಯ ಎರಡು ಸುತ್ತನ್ನು ಲಡಿಯ ನಡುವಿಗೆ ಬಿಗಿದು, ತುದಿಯನ್ನು ಒಳಗೆ ಸಿಕ್ಕಿಸುವುದನ್ನು ನಾನು ಅಲ್ಲಿ ಕಲಿತೆ. ಹಾಗೆ ಕಟ್ಟಿದ ಲಡಿ ದೂರ ಎತ್ತಿ ಒಗೆದರೂ ಬಿಚ್ಚುವುದಿಲ್ಲ. ಸಿಸ್ಟರ್ ಪರೀಕ್ಷೆಗೆಂದು ನಿಜವಾಗಿಯೂ ಒಗೆಯುತ್ತಿದ್ದರು. ನನ್ನದು ಒಂದು ಸಲವೂ ಬಿಚ್ಚಿದ್ದಿಲ್ಲ.

ಹಳದಿ ಹಗ್ಗವನ್ನೂ ಹಾಗೆಯೇ ಸುತ್ತಿದೆ. ನಡುಕಟ್ಟು ಬಿಗಿದೆ. ಚೀಲದೊಳಗೆ ಇಟ್ಟರೆ ಅಚ್ಚುಕಟ್ಟಾಗಿ ಕೂತಿತು. ಕೈಗೆ ಸಿಗಲಿ ಎಂದು ಒಂದು ತುದಿಯನ್ನು ಮೊದಲಿದ್ದಂತೆ ಹೊರಗೆ ಬಿಟ್ಟು ಬಾಯಿ ಮುಚ್ಚಿದೆ. ಮಗಳಿಗೆ ಹೇಳಲಿಲ್ಲ. ಹೇಳಲು ಅದರಲ್ಲಿ ಏನಿದೆ? ಅವಳ ದುಪ್ಪಟ್ಟಾಗಳನ್ನು ಮಡಚಿಟ್ಟಾಗ ಹೇಳುತ್ತೇನೆಯೇ?

ಸಾಮಾನ್ಯವಾಗಿ ನಾವು ಹೊಳೆಗೆ ಹೋಗುವುದಿಲ್ಲ. ಆ ಸಲ ಕಾರು ಓಡಿಸುವವರು ಬೇಕಾಗಿತ್ತು. ಮೇಲೆ ನೀರಿಗೆ ಇಳಿದವರು ಕೆಳಗೆಲ್ಲೋ ಏಳುತ್ತಾರೆ, ಕಾರು ಅಲ್ಲಿ ಕಾಯಬೇಕು. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಯಜಮಾನರಿಗೆ ಎರಡು ದಿನ ರಜೆ ಇತ್ತು. "ನಡೀರಿ, ಬಾನಿ ಮುಳುಗೋದು ನಾವೂ ನೋಡೂಣು" ಎಂದರು. ನಾನು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿದೆ.

ಅದು ಆದಿಲಾಬಾದ್ ಕಡೆಯ ಗುಡ್ಡಗಳಲ್ಲಿನ ಒಂದು ಸಣ್ಣ ಹೊಳೆ. ಮಳೆ ಬಿದ್ದ ಕೆಲವು ವಾರ ಮಾತ್ರ ಅದರಲ್ಲಿ ದೋಣಿಗೆ ಸಾಕಾಗುವಷ್ಟು ನೀರು. ದಾರಿಯಲ್ಲಿ ಮಗಳು ನಮಗೆ ಅವರ ಸನ್ನೆ ಕಲಿಸಿದಳು. "ನೀರಿನ ಸಪ್ಪಳದಾಗ ಒದರಿದ್ರೂ ಕೇಳ್ಸಂಗಿಲ್ಲ ಮಮ್ಮಿ. ಹೆಲ್ಮೆಟ್ ಮ್ಯಾಲೆ ಹಿಂಗ ಕೈ ಇಟ್ರ, ನಾ ಆರಾಮ ಅದೀನಿ ಅಂತ ಅರ್ಥ."

"ನಮ್ಮ ಫ್ಯಾಕ್ಟರಿ ಮೀಟಿಂಗಿನ್ಯಾಗ ಇದನ್ನ ತರಬೇಕು ನೋಡು" ಎಂದರು ಯಜಮಾನರು. "ಎಲ್ಲಾರೂ ತಲಿ ಮ್ಯಾಲೆ ಕೈ ಇಟ್ಟು ಎದ್ದು ಹೋಗಬಹುದು." ಹಿಂದಿನ ಸೀಟಿನಿಂದ ಗೆಳತಿ ನಕ್ಕು, ಯಜಮಾನರು ಗೇರು ಬದಲಿಸಿದಾಗಲೆಲ್ಲ ತಲೆಯ ಮೇಲೆ ಕೈ ಇಟ್ಟು ತೋರಿಸತೊಡಗಿದಳು.

ಹೊಳೆ ಎರಡು ಕಪ್ಪು ಬಂಡೆಗೋಡೆಗಳ ನಡುವೆ ಹರಿಯುತ್ತಿತ್ತು. ಅಗಲ ನಮ್ಮ ಹಾಲ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಾಲು ಹೆಚ್ಚಾದ ಚಹದ ಬಣ್ಣದ ನೀರು. ಅದು ಹರಿದು ಹೋಗುತ್ತಿತ್ತು ಎನ್ನುವುದಕ್ಕಿಂತ ಮೆಟ್ಟಿಲು ಇಳಿಯುತ್ತಿತ್ತು ಎನ್ನಬೇಕು: ಒಂದು ಜಿಗಿತ, ಒಂದಿಷ್ಟು ಸಮತಟ್ಟು, ಮತ್ತೊಂದು ಜಿಗಿತ. ಪಕ್ಕದಲ್ಲಿ ಆಡುಗಳು ಓಡಾಡಿ ಮಾಡಿದ ಕಾಲುದಾರಿ. ಯಜಮಾನರು ಕಾರು ತೆಗೆದುಕೊಂಡು ಕೆಳಗೆ ಹೋದರು. ನಾನು ಬುತ್ತಿ ಗಂಟು ಹಿಡಿದು ಕಾಲುದಾರಿಯಲ್ಲಿ ದೋಣಿಯವರ ಜೊತೆಜೊತೆಗೇ ಇಳಿದೆ.

ನೀರಿಗೆ ಇಳಿದವರು ನಾಲ್ವರು: ಮಗಳು, ಗೆಳತಿ, ಗುಂಪಿನ ಇನ್ನಿಬ್ಬರು. ಪ್ರತಿ ಜಿಗಿತದ ಹತ್ತಿರ ಒಬ್ಬರು ಮುಂಚೆ ದಾಟಿ, ದಡ ಹತ್ತಿ ಹಗ್ಗ ಹಿಡಿದು ನಿಲ್ಲಬೇಕು, ಉಳಿದವರು ಒಬ್ಬೊಬ್ಬರಾಗಿ ಬರಬೇಕು. ಮೊದಲ ಜಿಗಿತದಲ್ಲಿ ಗೆಳತಿಯ ನೀಲಿ ಕಯಾಕ್ ಅಂಚಿಗೆ ಬಂದು, ಒಂದು ಕ್ಷಣ ಯೋಚಿಸುವಂತೆ ತೂಗಿ, ಮೂತಿ ಕೆಳಗೆ ಮಾಡಿ ನೊರೆಯಲ್ಲಿ ಮಾಯವಾಯಿತು. ಎಲ್ಲಿ ಹೋಯಿತು ಎನ್ನುವಷ್ಟರಲ್ಲಿ ಮೂರು ಮಾರು ಆಚೆ ಎದ್ದಿತು. ಅವಳು ನನ್ನನ್ನು ಹುಡುಕಿ ನೋಡಿ ಹೆಲ್ಮೆಟ್ಟಿನ ಮೇಲೆ ಕೈ ಇಟ್ಟಳು. ನಾನೂ ಸೆರಗಿನ ಮೇಲಿನಿಂದ ತಲೆಯ ಮೇಲೆ ಕೈ ಇಟ್ಟೆ. ಎರಡನೆಯದೂ ಹಾಗೆಯೇ ಆಯಿತು.

ಮೂರನೆಯದರ ಹತ್ತಿರ ಮಗಳು ಮೊದಲು ದಾಟಿ, ಚಪ್ಪಟೆ ಬಂಡೆಯೊಂದರ ಮೇಲೆ ಚೀಲ ಹಿಡಿದು ನಿಂತಳು. ನಾನು ಅವಳಿಗಿಂತ ಒಂದಾಳು ಎತ್ತರದಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದೆ. ಗೆಳತಿ ಬಂದಳು. ನೊರೆಯಲ್ಲಿ ಅವಳ ಕಯಾಕ್ ಮಗುಚಿತು. ಒಮ್ಮೆ ಏಳಲು ನೋಡಿದಳು, ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ಆಮೇಲೆ ಅವಳು ಒಂದು ಕಡೆ, ಕಯಾಕ್ ಒಂದು ಕಡೆ. ಮಗಳಿಂದ ಏಳೆಂಟು ಮಾರು ಕೆಳಗೆ, ನೀರಿನ ನಡುವೆ ತಲೆ ಎತ್ತಿದ್ದ ಬಂಡೆಯೊಂದನ್ನು ಅಪ್ಪಿ ಹಿಡಿದುಕೊಂಡಳು. ಅವಳ ಕೆಳಗೆ ನಾಲ್ಕನೇ ಜಿಗಿತ. ಅದು ಉಳಿದವುಗಳಿಗಿಂತ ದೊಡ್ಡದು, ಅದನ್ನು ಯಾರೂ ದಾಟುವುದಿಲ್ಲ, ಪಕ್ಕದಿಂದ ದೋಣಿ ಹೊತ್ತುಕೊಂಡು ಇಳಿಯುತ್ತೇವೆ ಎಂದು ಅವರು ಮೊದಲೇ ಮಾತಾಡಿಕೊಂಡಿದ್ದರು.

ಮಗಳು ಏನೋ ಕೂಗಿ ಚೀಲ ಎಸೆದಳು. ಅವಳ ಕೈ ಎಷ್ಟು ನೇರವಾಗಿ ಹೋಯಿತೆಂಬುದನ್ನು ನಾನು ನೋಡಿದೆ. ಚೀಲ ಹಾರಿತು. ಅರ್ಧಕ್ಕೂ ಹೋಗದೆ, ಹಿಂದಿನಿಂದ ಯಾರೋ ಜಗ್ಗಿದಂತೆ ಗಾಳಿಯಲ್ಲಿ ನಿಂತು, ಅವಳ ಮುಂದೆಯೇ ನೀರಿಗೆ ಬಿದ್ದಿತು. ಚೀಲದ ಬಾಯಿಯಿಂದ ಲಡಿ ಅರ್ಧ ಹೊರಬಂದಿತ್ತು. ನಡುಕಟ್ಟು ಹಾಗೆಯೇ ಇತ್ತು.

ಮಗಳು ಗೆಳತಿಯ ಮೇಲಿನ ಕಣ್ಣು ತೆಗೆಯದೆ ಎಳೆದುಕೊಂಡು ಎರಡನೇ ಸಲ ಎಸೆದಳು. ಒದ್ದೆ ಮುದ್ದೆ ಇನ್ನೂ ಹತ್ತಿರವೇ ಬಿತ್ತು. ಅಷ್ಟರಲ್ಲಿ ಬಂಡೆಯ ಮೇಲೆ ಯಾರೂ ಇರಲಿಲ್ಲ.

ಎಲ್ಲರೂ ಕೆಳಕ್ಕೆ ಓಡಿದರು. ನಾನು ಓಡಲಿಲ್ಲ. ಮೊಸರನ್ನದ ಡಬ್ಬಿಯ ಮುಚ್ಚಳ ನನ್ನ ಕೈಯಲ್ಲಿತ್ತು. ಅದರ ಅಂಚಿನಲ್ಲಿ ಒಂದು ಇರುವೆ ಸುತ್ತುತ್ತಿತ್ತು. ಪೂರ್ತಿ ಒಂದು ಸುತ್ತು ಬಂದು ಮತ್ತೆ ಮೊದಲಿಟ್ಟಿತು. ಅದನ್ನು ಊದಿ ಡಬ್ಬಿ ಮುಚ್ಚಿದೆ, ಬಟ್ಟೆಯ ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿದೆ, ಆಮೇಲೆ ಎದ್ದೆ. ಭಯವಾಗಲಿಲ್ಲ. ಅಳುವೂ ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಬೇರೆಯವರದು ಅನ್ನಿಸುವ ಹಾಗೆ ನಾನೇ ಬೇರೆಯವಳಾಗಿದ್ದೆ.

ಕೆಳಗೆ, ಜಿಗಿತದಾಚೆಯ ಮಡುವಿನಲ್ಲಿ ಅವಳು ತೇಲುತ್ತಿದ್ದಳು. ಎಡಗೈ ಎತ್ತಿ ಹೆಲ್ಮೆಟ್ಟಿನ ಮೇಲೆ ಇಟ್ಟಳು. ಮಗಳು "ಆರಾಮ ಅದಾಳ! ಆರಾಮ ಅದಾಳ!" ಎಂದು ಕೂಗುತ್ತ ಬಂಡೆಯ ಮೇಲೆ ಕುಸಿದು ಕೂತಳು. ದಡಕ್ಕೆ ತಂದಾಗ ನೋಡಿದರೆ ಬಲಭುಜ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅವಳ ಮುಖ ಹಿಟ್ಟಿನಂತೆ ಬಿಳಿಚಿಕೊಂಡಿತ್ತು. ಹಗ್ಗ ನೀರಿನಲ್ಲಿ ಗೋಜಲಾಗಿದೆ ಎಂದುಕೊಂಡು ಗುಂಪಿನ ಇನ್ನೊಬ್ಬರು ಅದನ್ನು ಎಳೆದು ಬಿಡಿಸಿ ಚೀಲಕ್ಕೆ ತುರುಕಿ ತಂದರು.

ಹೈದರಾಬಾದಿಗೆ ಬಂದು ಆಪರೇಷನ್ ಆಯಿತು. ಕೀಲು ತಪ್ಪಿದ್ದಲ್ಲದೆ ಮೂಳೆಯೂ ಮುರಿದಿತ್ತು. ಕೈ ಭುಜದ ಮೇಲಕ್ಕೆ ಏಳಲು ತಿಂಗಳುಗಳು ಬೇಕು, ಹುಟ್ಟು ಹಾಕುವ ಮಾತು ಆಮೇಲೆ ನೋಡೋಣ ಎಂದರು ಡಾಕ್ಟರು. ಎರಡು ವಾರ ಅವಳ ತಾಯಿ ಬಂದು ಇದ್ದು ಹೋದರು. ಆಮೇಲೆ ಭಾನುವಾರಗಳಂದು ಅವಳು ಮತ್ತೆ ನಮ್ಮಲ್ಲಿಗೆ ಬರತೊಡಗಿದಳು, ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಕೈ ಇಟ್ಟುಕೊಂಡು. ಒಂದು ಕೈಯಲ್ಲಿ ರೊಟ್ಟಿ ಮುರಿಯಲಾಗುವುದಿಲ್ಲ. ನಾನು ರೊಟ್ಟಿಯನ್ನು ಚೂರು ಮಾಡಿ, ಮೇಲೆ ಬೇಳೆ ಸುರಿದು, ಚಮಚ ಇಟ್ಟು ಕೊಡುತ್ತಿದ್ದೆ. ಎಡಗೈಯಲ್ಲಿ ತಿಂದು, "ರೊಟ್ಟಿ ಭಾಳ ಛಲೋ ಆಗ್ಯಾವ್ರಿ" ಎನ್ನುತ್ತಿದ್ದಳು.

ಮಗಳು ಮಾತ್ರ ಊಟದ ನಡುವೆ ತನ್ನ ಬಲಗೈಯನ್ನು ಮಗುಚಿ ಮಗುಚಿ ನೋಡಿಕೊಳ್ಳುತ್ತಿದ್ದಳು. ನಿನ್ನ ತಪ್ಪಲ್ಲ ಎಂದು ಗೆಳತಿ ಎಷ್ಟು ಸಲ ಹೇಳಿದರೂ ಮಗಳದು ಒಂದೇ ಮಾತು. "ನಾ ಹೆದರಿದೆ. ಹೆದರಿದವರ ಕೈ ಸಣ್ಣದಾಗ್ತೈತಿ. ನನ್ನ ನಂಬಿ ಯಾರೂ ನೀರಿಗೆ ಇಳೀಬಾರದು."

"ಎಲ್ಲಾರ ಕೈಯಾಗೂ ತಪ್ಪು ಆಗ್ತಾವವಾ" ಎಂದು ಯಜಮಾನರು ಹೇಳುವರು.

ನಾನು ಸಾರು ಬಡಿಸುವೆ. ಹೇಳಬೇಕೆಂದು ಬಾಯಿ ತೆರೆದರೆ "ಉಪ್ಪು ಸಾಕಾ?" ಎಂಬ ಮಾತು ಬರುತ್ತಿತ್ತು. ಮಗಳ ಮುಂದೆ ಹೆದರಿ ಸುಮ್ಮನಿದ್ದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಹೆದರಿಕೆಯೂ ಇರಲಿಲ್ಲ. ದಿನಗಳು ಇದ್ದವು, ಹಾಲು ಬರುತ್ತಿತ್ತು, ಕುಕ್ಕರ್ ಕೂಗುತ್ತಿತ್ತು, ನೀರಿನ ಟ್ಯಾಂಕರ್ ಬರುತ್ತಿತ್ತು. ಬಟ್ಟೆ ಮಡಚುವಾಗ ಅಂಚಿಗೆ ಅಂಚು ಕೂಡಿಸುವುದನ್ನು ಮಾತ್ರ ಬಿಟ್ಟಿದ್ದೆ. ಯಾರೂ ಅದನ್ನು ಗಮನಿಸಲಿಲ್ಲ.

ದಸರೆಯ ಹಿಂದಿನ ಶನಿವಾರ ಮಗಳು ಬಾನಿಯನ್ನು ಮಾರಲೆಂದು ಒರೆಸಿ ಫೋಟೋ ತೆಗೆದಳು. ಉಪ್ಪಲ್‌ನಲ್ಲಿರುವ ಯಾರಿಗೋ ಕಳಿಸಿದಳಂತೆ. ಮರುದಿನ ಸಂಜೆ ಅವರು ನೋಡಿಕೊಂಡು ಒಯ್ಯಲು ಬರುವವರಿದ್ದರು. ಆಮೇಲೆ ಹಗ್ಗದ ಚೀಲ ತೆಗೆದುಕೊಂಡು ಟೆರೇಸಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಒಣಗಿದ ಬಟ್ಟೆ ತರುವ ನೆಪದಲ್ಲಿ ನಾನೂ ಹತ್ತಿದೆ.

ಬಿಸಿಲು ಇನ್ನೂ ಇತ್ತು. ಅವಳು ಈ ತುದಿಯಲ್ಲಿ ನಿಂತು ಆ ತುದಿಯ ನೀರಿನ ಟಾಕಿಗೆ ಚೀಲ ಎಸೆಯುತ್ತಿದ್ದಳು. ಪ್ರತಿ ಸಲವೂ ಹಗ್ಗ ಹಳದಿ ಗೆರೆ ಎಳೆದಂತೆ ಬಿಚ್ಚಿಕೊಂಡು ಹೋಗಿ ಚೀಲ ಟಾಕಿಗೆ ಬಡಿಯುತ್ತಿತ್ತು. ಎಳೆದುಕೊಂಡು, ಒಂದಿಷ್ಟು ಒಂದಿಷ್ಟಾಗಿ ಒಳಗೆ ತುರುಕಿ, ಮತ್ತೆ ಎಸೆಯುತ್ತಿದ್ದಳು. ಹಾಗೆ ತುರುಕಿದ್ದು ಸೋಮಾರಿತನದಿಂದಲ್ಲ, ಹಗ್ಗ ಸಲೀಸಾಗಿ ಹೊರಬರಲಿ ಎನ್ನುವುದಕ್ಕೆ ಎಂಬುದನ್ನು ನಾನು ಆ ಟೆರೇಸಿನ ಮೇಲೆ ಮೊದಲ ಸಲ ಕಣ್ಣಾರೆ ಕಂಡೆ.

"ನೋಡು ಮಮ್ಮಿ" ಎಂದಳು. ಮುಖದ ತುಂಬ ಬೆವರು. "ಒಂದೂ ತಪ್ಪವಲ್ಲದು. ಇಲ್ಲಿ ಹೋಗ್ತೈತಿ. ಅಲ್ಲಿ ಹೋಗಲಿಲ್ಲ. ಅಂದ್ರ ನಾನ, ಅಲ್ಲ? ಹಗ್ಗ ಅಲ್ಲ, ನಾನ."

ಕೈಯಲ್ಲಿದ್ದ ಬಟ್ಟೆಗಳನ್ನು ಕಟ್ಟೆಯ ಮೇಲೆ ಇಟ್ಟೆ. "ಕೊಡಿಲ್ಲೆ" ಎಂದೆ. ಹಗ್ಗವನ್ನು ಪೂರ್ತಿ ಹೊರಗೆಳೆದೆ. ಹೆಬ್ಬೆರಳು, ಮೊಣಕೈ, ಹೆಬ್ಬೆರಳು, ಮೊಣಕೈ. ಜಾರಿಸಿ ತೆಗೆದು ನಡುಕಟ್ಟು ಬಿಗಿದು, ಚೀಲಕ್ಕೆ ಇಳಿಸಿ, ಬಾಯಿ ಮುಚ್ಚಿ ಅವಳ ಕೈಗೆ ಕೊಟ್ಟೆ.

"ಈಗ ಒಗಿ."

ಅವಳು ನನ್ನ ಮುಖ ನೋಡಿದಳು, ಎಸೆದಳು. ಚೀಲ ಮೂರು ಮಾರು ಹೋಗಿ, ಗಾಳಿಯಲ್ಲಿ ಜಗ್ಗಿ ನಿಂತು, ಕಾಂಕ್ರೀಟಿನ ಮೇಲೆ ದೊಪ್ಪನೆ ಬಿತ್ತು.

ಅವಳು ಹೋಗಿ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಲಡಿಯನ್ನು ಮುಟ್ಟಿ ನೋಡಿದಳು. "ಆವತ್ತೂ ಹಿಂಗ ಇತ್ತೇನು?"

"ಹೂಂ. ವಾಸನಿ ಬರಾಕತ್ತಿತ್ತು. ತೊಳದು, ಒಣಗಿಸಿ, ಸುತ್ತಿ ಇಟ್ಟಿದ್ದೆ."

"ನಿನಗ ಅಲ್ಲೇ ಗೊತ್ತಾಗಿತ್ತು?"

"ಗಾಳ್ಯಾಗ ಇರೂವಾಗನ ಗೊತ್ತಾತು."

"ಎರಡು ತಿಂಗಳಾತು ಮಮ್ಮಿ." ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಏನಾದರೂ ಅನ್ನಿಸುತ್ತಿತ್ತೇನೋ. "ಎರಡು ತಿಂಗಳು ನಾ ಈ ಕೈ ನೋಡ್ಕೋತ ಮಲಗೀನಿ. ನೀ ನೋಡ್ಕೋತ ಸಾರು ಬಡಿಸಿದಿ."

ನಾನು "ಹೂಂ" ಎಂದೆ.

ಅವಳು ನಡುಕಟ್ಟು ಬಿಚ್ಚಲು ಹೊರಟಳು. ಉಗುರಿಗೆ ಸಿಗಲಿಲ್ಲ. ನಾನು ಬಾಗಿ ತುದಿ ಎಲ್ಲಿದೆ ಎಂದು ತೋರಿಸಿದೆ. ಬಿಚ್ಚಿತು. ಹಗ್ಗಕ್ಕೇ ಹೇಳಿದಂತೆ ಹೇಳಿದಳು: "ನೀರಿಗೆ ಇಳಿಯೋಕಿಂತ ಮೊದಲ ಬಿಚ್ಚಿ ನೋಡೋದು ನನ್ನ ಕೆಲಸ ಆಗಿತ್ತು. ಮನ್ಯಾಗಿಂದನ ಬಂದೈತಲ್ಲ ಅಂತ ನೋಡಲಿಲ್ಲ." ಎದ್ದು ನಿಂತು, "ಅಕಿಗೆ ನೀನ ಹೇಳಬೇಕು. ನಾ ಹೇಳಂಗಿಲ್ಲ" ಎಂದಳು. ಕೆಳಗಿಳಿಯುವಾಗ ಮೆಟ್ಟಿಲಲ್ಲಿ ಫೋನು ಮಾಡಿ, ಬಾನಿ ಕೊಡುವುದಿಲ್ಲ ಎಂದು ಉಪ್ಪಲ್‌ನವರಿಗೆ ಹೇಳುವುದು ಕೇಳಿಸಿತು.

ಮರುದಿನ ಭಾನುವಾರ. ಗೆಳತಿ ಬಂದಳು. ಜೋಳಿಗೆ ಹೋಗಿತ್ತು, ಆದರೂ ಬಲಗೈ ಮೈಗೆ ಅಂಟಿಕೊಂಡೇ ಇತ್ತು. ರೊಟ್ಟಿ ಚೂರು ಮಾಡುತ್ತ, ತಟ್ಟೆಯನ್ನೇ ನೋಡುತ್ತ ಹೇಳಿದೆ. ಕಾನ್ವೆಂಟಿನ ಹಿಂದಿಯಲ್ಲಿ, ವ್ಯಾಕರಣ ತಪ್ಪದಂತೆ, ಮೊದಲಿನಿಂದ ಕೊನೆಯವರೆಗೆ: ವಾಸನೆ, ಬಕೆಟ್ಟು, ಲಡಿ, ನಡುಕಟ್ಟು. ಯಜಮಾನರು ಅದನ್ನು ಆಗಲೇ ಮೊದಲು ಕೇಳಿದ್ದು. ಅವರ ಕೈಯಲ್ಲಿದ್ದ ತುತ್ತು ತಟ್ಟೆಗೆ ವಾಪಸು ಹೋಯಿತು.

ಗೆಳತಿ ಚಮಚ ಹಿಡಿದು ಕೂತಿದ್ದಳು. ಅವಳು ಚಮಚ ಕೆಳಗಿಟ್ಟಳು. ಎಡಗೈ ಎತ್ತಿ ತಲೆಯ ಮೇಲೆ ಇಟ್ಟು, ನನ್ನನ್ನು ನೋಡಿ ನಕ್ಕಳು.

ಮಗಳು ಉಸಿರು ಬಿಟ್ಟಳು. ಯಜಮಾನರು ಜೋರಾಗಿಯೇ ನಕ್ಕು, "ಹಾಕು, ಹಾಕು, ಅಕಿಗೆ ಇನ್ನೊಂದು ರೊಟ್ಟಿ ಹಾಕು" ಎಂದರು. ನಾನು ಹಾಕಿದೆ. ಮಡುವಿನಲ್ಲಿ, ಭುಜ ಕಳಚಿಕೊಂಡು ತೇಲುತ್ತಿದ್ದಾಗಲೂ ಅವಳು ಆರಾಮ ಎಂದು ಎತ್ತಿದ್ದು ಅದೇ ಕೈ.

ಮುಂದಿನ ಭಾನುವಾರ ವ್ಯಾಯಾಮದ ಕ್ಲಿನಿಕ್ಕಿಗೆ ಹೋಗಬೇಕು ಎಂದು ಮಗಳ ಫೋನಿಗೆ ಗೆಳತಿಯ ಸಂದೇಶ ಬಂತು. ಅದರ ಮುಂದಿನ ಭಾನುವಾರ ಊರಿನಿಂದ ಅಕ್ಕ ಬಂದಿದ್ದರಂತೆ. ಆಮೇಲೆ ಸಂದೇಶವೂ ಬರಲಿಲ್ಲ, ಮಗಳೂ ಆ ಮಾತು ತೆಗೆಯಲಿಲ್ಲ. ಆಫೀಸಿನಲ್ಲಿ ಸಿಗುತ್ತಾಳೆ, ಆರಾಮ ಇದ್ದಾಳೆ, ಅಷ್ಟೇ.

ಮಗಳು ಮತ್ತೆ ಹೊಳೆಗೆ ಹೋಗುತ್ತಾಳೆ. ಹಿಂದಿನ ತುದಿಗೆ ಈಗ ಯಜಮಾನರು. ಒಂದೊಂದು ಮಹಡಿಗೆ ನಿಂತು ಬಾನಿಯನ್ನು ಬಯ್ಯುತ್ತ ಇಳಿಸುತ್ತಾರೆ. ಹೊರಡುವ ಮುಂಚೆ ಮಗಳು ಚೀಲವನ್ನು ನನ್ನ ಎದುರಿಗೇ ಪೂರ್ತಿ ಬಿಚ್ಚಿ, ಮತ್ತೆ ತುರುಕುತ್ತಾಳೆ. ಅದು ಮುಗಿಯುವವರೆಗೆ ನಾನು ನಿಂತು ನೋಡುತ್ತೇನೆ.

ಭಾನುವಾರ ಮೊದಲ ರೊಟ್ಟಿ ಇಳಿಸಿದಾಗ ಕೈ ಈಗಲೂ ಅದನ್ನು ಚೂರು ಮಾಡಿಬಿಡುತ್ತದೆ. ಬೇಳೆಯನ್ನೂ ಸುರಿದ ಮೇಲೆ ಗೊತ್ತಾಗುತ್ತದೆ. ಯಜಮಾನರು ಆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಚಮಚವನ್ನು ಪಕ್ಕಕ್ಕಿಟ್ಟು, ಕೈಯಿಂದ ಕಲಸಿಕೊಂಡು ಉಣ್ಣುತ್ತಾರೆ.